ಮೆಟ್ಟಿನ ಮಣ್ಣು

ಮೈಸೂರು ದಾಟಿ ನಂಜನಗೂಡು ರಸ್ತೆಯ ಪಕ್ಕ,
ಲೇಔಟಿನ ಗಡಿಕಲ್ಲುಗಳ ನಡುವೆ
ಉಳಿದಿದ್ದ ಇಪ್ಪತ್ತು ಗುಂಟೆ ಎಲೆತೋಟ.
ಬಾಗಿಲಲ್ಲಿ ಒಂದು ಚಪ್ಪಡಿ, ಅದರ ಮೇಲೆ ಕೂತು
ಚಿಕ್ಕತಾಯಮ್ಮ ಎಲೆ ಎಣಿಸುತ್ತಿದ್ದಳು.
ತಲೆಯೆತ್ತದೆ ಅಂದಳು: 'ಮೆಟ್ಟು ಅಲ್ಲೇ ಬುಡು ಕೂಸೇ,
ಒಳ್ಗೆ ತಾಯಿ ಅವ್ಳೆ.'

ನನಗೆ ಇಪ್ಪತ್ನಾಲ್ಕು ವಯಸ್ಸು.
ಹೆಗಲಲ್ಲಿ ಮಣ್ಣಿನ ಮಾದರಿಯ ಚೀಲ, ಚೀಟಿ, ಪೆನ್ಸಿಲು.
ಆ ಬೆಳಗ್ಗೆ ಆಗಲೇ ಮೂರು ತೋಟ ಮುಗಿದಿತ್ತು,
ಮೂರರಲ್ಲೂ ಬಳ್ಳಿಯ ಬುಡ ಕಪ್ಪು,
ಹಿಸುಕಿದರೆ ನೀರು.
ಬೂಟಿನ ಲೇಸು ಬಿಚ್ಚಲು ಬೇಸರ.
'ಆಫೀಸಿನ ಕೆಲಸ ಅಜ್ಜಿ' ಅಂದೆ, ಒಳಗೆ ನಡೆದೆ.
ಅವಳು ಬೈಯಲಿಲ್ಲ. ಎಣಿಕೆ ತಪ್ಪಿತು, ಅಷ್ಟೆ.
ಮತ್ತೆ ಒಂದರಿಂದ ಶುರು ಮಾಡಿದಳು.

ಒಳಗೆ ಬೇರೆಯೇ ಹವೆ. ಅಗಸೆ ಮರಗಳ ಸಾಲು,
ಒಂದೊಂದಕ್ಕೂ ಬಾಳೆನಾರಲ್ಲಿ ಕಟ್ಟಿದ ಬಳ್ಳಿ,
ನಾಲಿಗೆಯ ಬುಡಕ್ಕೆ ಖಾರ ತರುವ ವಾಸನೆ.
ಒಂದೆಲೆಯಲ್ಲೂ ಚುಕ್ಕೆಯಿಲ್ಲ.
'ರೋಗವಿಲ್ಲ' ಎಂದು ಚೀಟಿಯಲ್ಲಿ ಬರೆದೆ.
ಬರೆಯುವಾಗ ನನ್ನ ಬಲಗಾಲು
ಆಗಷ್ಟೇ ನೀರು ಬಿಟ್ಟಿದ್ದ ಕಾಲುವೆಯ ತಲೆಯಲ್ಲಿ
ಊರಿಕೊಂಡಿತ್ತು.

ಮಣ್ಣಿನೊಳಗಿನ ಆ ಜೀವಿಯನ್ನು ಹಿಡಿಯಲು
ಒಂದು ಹಿಡಿ ಮಣ್ಣು, ಒಂದು ಬಟ್ಟಲು ನೀರು ಸಾಕು;
ಮೇಲೆ ಎಳೆಯೆಲೆಯ ಚೂರೊಂದನ್ನು ತೇಲಬಿಡಬೇಕು.
ವಾಸನೆ ಹಿಡಿದು ಅದು ಈಜಿ ಬರುತ್ತದೆ.
ನಮ್ಮಲ್ಲಿ ಮದುವೆಗೂ ಯುದ್ಧಕ್ಕೂ
ಕರೆಯುವುದು ವೀಳ್ಯ ಕೊಟ್ಟೇ ತಾನೆ?
ನಾನೂ ಕೊಟ್ಟೆ.
ಮೂರನೆಯ ದಿನ ಚೂರಿನ ಅಂಚು ಕಂದಿತು.
ಸೂಕ್ಷ್ಮದರ್ಶಕದ ಕೆಳಗೆ ನಿಂಬೆಕಾಯಿಯಂಥ ಚೀಲಗಳು,
ತಣ್ಣೀರು ಸೋಕಿದ್ದೇ ಬಾಯಿ ಬಿಚ್ಚಿ
ಜೋಡಿಬಾಲದ ಮರಿಗಳು ನುಗ್ಗಿ ಬಂದವು,
ಶಾಲೆ ಬಿಟ್ಟ ಹಾಗೆ.
ಚೆಂದವಿತ್ತು. ಸುಳ್ಳು ಹೇಳಲಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ಕರೆ ಬಂತು.
ಹೋದರೆ, ಎಲೆಗಳ ಮೇಲೆ ಎಣ್ಣೆ ಚೆಲ್ಲಿದಂಥ ಕಲೆ.
ಬಳ್ಳಿಗಳು ಹಸಿರಿದ್ದಂತೆಯೇ ಬಾಡಿ
ಮರಕ್ಕೆ ಜೋತುಬಿದ್ದಿದ್ದವು,
ಕಟ್ಟಿದ ನಾರು ಮಾತ್ರ ಬಿಗಿಯಾಗಿತ್ತು.
ಮೊದಲು ಸತ್ತದ್ದು ಕಾಲುವೆಯ ತಲೆಯ ಬಳ್ಳಿ,
ಅಲ್ಲಿಂದ ನೀರು ನಡೆದ ದಾರಿಯಲ್ಲೇ ಕೆಳಕ್ಕೆ.
ನಕ್ಷೆ ಬರೆದವಳು ನಾನೇ,
ಆ ಮೊದಲ ಚುಕ್ಕೆಯ ಮೇಲೆ ಪೆನ್ಸಿಲು ನಿಂತಿತು.

ಅಳಿಯ ರಾಚಪ್ಪ ಬೇಲಿಯಾಚೆ ಕೂಗಾಡುತ್ತಿದ್ದ:
'ಮುಟ್ಟಾದೋಳು ಒಳಕ್ಕೆ ಬಂದವ್ಳೆ,
ಆ ಶಿವಮಲ್ಲಿನೇ, ಇನ್ಯಾರು?'
ಎಲೆ ಕೊಯ್ಯುವ ಶಿವಮಲ್ಲಿ ರಸ್ತೆಯಂಚಲ್ಲಿ
ಬುಟ್ಟಿ ತಲೆಕೆಳಗಾಗಿ ಹಿಡಿದು ನಿಂತಿದ್ದಳು.

'ಅವಳಲ್ಲ' ಅಂದೆ. 'ನನ್ನ ಬೂಟು.'
ಮಣ್ಣು, ನೀರು, ಕಣ್ಣಿಗೆ ಕಾಣದ ಬಾಲ,
ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ
ನನಗೇ ಪುರಾಣದ ಹಾಗೆ ಕೇಳಿಸಿತು.
ರಾಚಪ್ಪ ನಕ್ಕ. ಓದಿದವರು, ಹೆಂಗಸಿನ ಪರ, ಅಂದ.
ಚಿಕ್ಕತಾಯಮ್ಮ ನನ್ನ ಬರಿಗಾಲು ನೋಡಿದಳು.
'ಈಗ ಬುಟ್ಟು ಬಂದಿದ್ದೀಯೆ' ಅಂದಳು.

ಮೈಲುತುತ್ತ ಒಂದು ಬಾನಿಯಲ್ಲಿ, ಸುಣ್ಣದ ತಿಳಿ ಇನ್ನೊಂದರಲ್ಲಿ,
ಮೂರನೆಯದಕ್ಕೆ ಎರಡನ್ನೂ ಒಟ್ಟಿಗೆ ಸುರಿದೆವು.
ಕುಡುಗೋಲಿನ ಅಲಗು ಅದ್ದಿ ನೋಡಿದೆ, ಕೆಂಪೇರಲಿಲ್ಲ.
ಉಳಿದ ಸುಣ್ಣದಲ್ಲಿ ಹೆಬ್ಬೆರಳುಗುರಿನಷ್ಟು ತೆಗೆದು
ಅಜ್ಜಿ ತನ್ನ ಎಲೆಗೆ ಸವರಿಕೊಂಡಳು,
ಮಿಕ್ಕಿದ್ದು ಬದುಕಿದ್ದ ಹದಿನೇಳು ಬುಡಗಳಿಗೆ.

ವರದಿಯಲ್ಲಿ 'ರೋಗ ಹರಡಿದ ಬಗೆ' ಎಂಬಲ್ಲಿ
ನನ್ನ ಹೆಸರು ಬರೆದೆ.
ಸಾಹೇಬರು ಕೆಂಪು ಶಾಯಿಯಲ್ಲಿ ಹೊಡೆದು
'ನೀರು' ಎಂದು ತಿದ್ದಿದರು. ಅದೂ ನಿಜವೇ.

ಶಿವಮಲ್ಲಿ ಮತ್ತೆ ಕೊಯ್ಲಿಗೆ ಬರಲಿಲ್ಲ.
ಪಕ್ಕದ ಲೇಔಟಿನಲ್ಲಿ ಗಾರೆ ಕಲಸುತ್ತಾಳಂತೆ,
ಅಲ್ಲಿ ಯಾರೂ ಅವಳ ಕಾಲು ನೋಡುವುದಿಲ್ಲ.